ಮಾಸ್ಕೋದ ಚಿನ್ನ, ಸುಬೇದಾರ್ ತಾತನ ರೇಡಿಯೋ

2024ರ ಆಗಸ್ಟ್ 15. ಪ್ಯಾರಿಸ್ ಒಲಿಂಪಿಕ್ಸ್ ಹಾಕಿಯಲ್ಲಿ ನಮ್ಮ ಹುಡುಗರು ಸ್ಪೇನ್‌ನ 2-1ರಲ್ಲಿ ಸೋಲಿಸಿ ಕಂಚು ಗೆದ್ದು ಸರಿಯಾಗಿ ಒಂದು ವಾರ ಆಗಿತ್ತು. ಮಧ್ಯಾಹ್ನ ಊಟ ಮುಗಿಸಿ ಟಿವಿ ಹಾಕಿದ್ರೆ ಹುಡುಗಿಯರ ಹಾಕಿ ತಂಡದ ಸಿನಿಮಾ ಚಕ್ ದೇ ಇಂಡಿಯಾ ಬರ್ತಿತ್ತು. 2007ರಲ್ಲಿ ಥಿಯೇಟರಲ್ಲಿ ನೋಡಿದ್ದೆ, ಆಮೇಲೆ ಮನೇಲಿ ಎಷ್ಟು ಸಲ ನೋಡಿದೀನೋ ಲೆಕ್ಕ ಇಟ್ಟಿಲ್ಲ, ಯಾವ ಹುಡುಗಿ ಯಾವಾಗ ಪಾಸ್ ಕೊಡ್ತಾಳೆ ಯಾವಾಗ ಕೊಡಲ್ಲ ಅನ್ನೋದೆಲ್ಲ ಬಾಯಿಪಾಠ. ಆದ್ರೂ ಆಸ್ಟ್ರೇಲಿಯಾ ಎದುರಿನ ಫೈನಲ್ ಪೆನಾಲ್ಟಿ ಸ್ಟ್ರೋಕ್‌ಗೆ ಬಂದು ನಿಂತಾಗ ನನ್ನ ಕೈಲಿದ್ದ ಕಾಫಿ ಲೋಟ ಕೈಯಲ್ಲೇ ಉಳೀತು. ಗೋಲ್‌ಕೀಪರ್ ಹುಡುಗಿ ಕೊನೇ ಸ್ಟ್ರೋಕ್ ತಡೆದಾಗ ಕಣ್ಣಲ್ಲಿ ನೀರು ಬಂದ್ಬಿಡ್ತು. ಪಕ್ಕದಲ್ಲಿ ಕೂತಿದ್ದ ಮಗ "ಏನಮ್ಮ, ಗೊತ್ತಿರೋ ಕತೆಗೂ ಅಳ್ತೀಯಾ" ಅಂದ. ಅಳು ಬಂದಿದ್ದು ಸಿನಿಮಾಗಲ್ಲ ಕಣೋ, ನನಗೆ ಮಾಸ್ಕೋ ನೆನಪಾಯ್ತು ಅಂದೆ. ನಾವು ಕೊನೇ ಸಲ ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದಿದ್ದು, 1980, ನನಗಾಗ ಒಂಬತ್ತು ವರ್ಷ ಅಂತ ಹೇಳಿದೆ.

ಅವನು ಫೋನ್ ತೆಗೆದು ಏನೋ ಓದಿ, "ಬಾಯ್ಕಾಟ್ ಮಾಡಿದ್ರಲ್ಲ, ಆ ಒಲಿಂಪಿಕ್ಸ್ ಅಲ್ವಾ ಇದು? ದೊಡ್ಡ ಟೀಮ್ ಯಾವುದೂ ಬಂದಿರ್ಲಿಲ್ಲ ಅಂತ ಇದೆ" ಅಂದ. ಕೆಣಕೋಕೆ ಹೇಳಿದ್ದಲ್ಲ, ಕಂಡಿದ್ದನ್ನ ಓದಿ ಹೇಳಿದ ಅಷ್ಟೇ. ನನಗೆ ಮಾತ್ರ ಅವತ್ತೆಲ್ಲ ಸಮಾಧಾನ ಆಗ್ಲಿಲ್ಲ. ರಾತ್ರಿ ಮಲಗಿದ್ಮೇಲೆ ಇನ್ನೊಂದು ವಿಷಯ ಗಮನಕ್ಕೆ ಬಂತು, ಅದು ಇದಕ್ಕಿಂತ ಜಾಸ್ತಿ ಕಾಡ್ತು. ಕಣ್ಣು ಮುಚ್ಚಿ ಮಾಸ್ಕೋ ಫೈನಲ್ ನೆನೆಸ್ಕೊಂಡ್ರೆ ಕಾಣೋದು ಸಿನಿಮಾದ ಮೈದಾನ, ಸಿನಿಮಾದ ಗೋಲ್ ಪೋಸ್ಟು, ಸಿನಿಮಾದ ಜನ. ಯಾಕಂದ್ರೆ ನಾನು ಆ ಮ್ಯಾಚ್ ನೋಡೇ ಇಲ್ಲ. ನಮ್ಮ ದೇಶದ ಬಹುಪಾಲು ಜನ ಅದನ್ನ ನೋಡಿಲ್ಲ. ಕೇಳಿದ್ವಿ.

ಕಕ್ಕಡದ ಮಳೆಯಲ್ಲಿ

ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ಹಾಸನದ ಕಡೆಯವರು, ಕೊಡಗಿಗೆ ವರ್ಗ ಆಗಿ ಪೊನ್ನಂಪೇಟೆ ಹತ್ರ ಒಂದು ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ತಗೊಂಡಿದ್ರು. ಮನೆ ಯಜಮಾನರು ಮಿಲಿಟರಿಯಿಂದ ನಿವೃತ್ತರಾದ ಸುಬೇದಾರ್, ಕೊಡವರು, ನಮಗೆ ಮಕ್ಕಳಿಗೆ ಸುಬೇದಾರ್ ತಾತ. ಪಡಸಾಲೆ ಗೋಡೆ ಮೇಲೆ ಒಂದು ಕೋವಿ, ಒಂದು ಒಡಿಕತ್ತಿ, ಅವೆರಡರ ಪಕ್ಕದಲ್ಲೇ ಒಂದು ಹಾಕಿ ಸ್ಟಿಕ್ಕು. ರೆಜಿಮೆಂಟ್ ಟೀಮಿಗೆ ಆಡ್ತಿದ್ದ ಕಾಲದ್ದು, ಹಿಡಿ ಹತ್ರ ಸುತ್ತಿದ್ದ ಬಟ್ಟೆ ಕಪ್ಪಾಗಿ ಗಟ್ಟಿಯಾಗಿತ್ತು. ಕೋವಿ ಮುಟ್ಟಿದ್ರೆ ಬೈತಿರ್ಲಿಲ್ಲ, ಸ್ಟಿಕ್ ಮುಟ್ಟಿದ್ರೆ ಬೈತಿದ್ರು. ನಾವೆಲ್ಲ ಕಾಫಿ ಗಿಡದ ಬಾಗಿದ ಕೊಂಬೆ ಕಡಿದು ಅದರಲ್ಲೇ ಆಡ್ತಿದ್ವಿ, ಹಳೇ ಬಟ್ಟೆ ಸುತ್ತಿ ಹೊಲಿದ ಚೆಂಡು. ಹುಡುಗರು ಹುಡುಗಿಯರು ಅಂತ ಬೇರೆ ಬೇರೆ ಇರ್ಲಿಲ್ಲ, ಯಾರು ಸಿಕ್ತಾರೋ ಅವರನ್ನ ಸೇರಿಸ್ಕೊಂಡು ಎರಡು ಕಡೆ ಮಾಡೋದು. ನಾನು ಯಾವಾಗ್ಲೂ ಬ್ಯಾಕು, ಯಾಕಂದ್ರೆ ಓಡೋದ್ರಲ್ಲಿ ಹಿಂದೆ, ಆದ್ರೆ ಚೆಂಡಿಗೆ ಹೆದರ್ತಿರ್ಲಿಲ್ಲ.

ಜುಲೈ ಕೊನೆ ಅಂದ್ರೆ ಅಲ್ಲಿ ಕಕ್ಕಡ. ಕಂಡವರಿಗೇ ಗೊತ್ತು ಆ ಮಳೆ, ಹಗಲು ಹೊತ್ತಲ್ಲೇ ದೀಪ ಹಚ್ಚಬೇಕು, ಒಗೆದ ಬಟ್ಟೆ ವಾರ ಆದ್ರೂ ಒಣಗಲ್ಲ, ಒಲೆ ಮೇಲೆ ಕಟ್ಟಿದ ಹಗ್ಗದಲ್ಲಿ ಹೊಗೆ ವಾಸನೆ ಹಿಡಿದು ನೇತಾಡ್ತಿರುತ್ತೆ. ಕರೆಂಟ್ ಹೋದ್ರೆ ಮೂರು ದಿನ ಬರ್ತಿರ್ಲಿಲ್ಲ. ಅದಕ್ಕೇ ಸುಬೇದಾರ್ ತಾತ ಸೆಲ್ ಹಾಕೋ ರೇಡಿಯೋ ಇಟ್ಕೊಂಡಿದ್ರು, ಆ ಸೆಲ್ಲುಗಳನ್ನ ಶಕ್ತಿ ಉಳೀಲಿ ಅಂತ ಹಿಂದಿನ ರಾತ್ರಿಯಿಂದ್ಲೇ ಒಲೆ ಪಕ್ಕ ಬೂದಿ ಬೆಚ್ಚಗಿರೋ ಕಡೆ ಸಾಲಾಗಿ ಜೋಡಿಸಿ ಇಟ್ಟಿದ್ರು. ಜುಲೈ 29, ಮಂಗಳವಾರ, ಸ್ಪೇನ್ ಎದುರು ಫೈನಲ್. ಮಳೆಗೆ ಸ್ಕೂಲಿಗೆ ರಜೆ ಕೊಟ್ಟಿದ್ರು. ಅಪ್ಪ, ನಾನು, ನನ್ನ ಅಣ್ಣ, ತೋಟದ ರೈಟರು, ಅಕ್ಕಪಕ್ಕದ ನಾಲ್ಕೈದು ಮಕ್ಕಳು, ಎಲ್ಲ ಅವರ ಅಡುಗೆಮನೆ ಒಲೆ ಸುತ್ತ. ಅಜ್ಜಿ ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ರು.

ಕಾಮೆಂಟ್ರಿ ಬರ್ತಿದ್ದಿದ್ದು ಹಿಂದಿಯಲ್ಲಿ. ಆ ಕೋಣೇಲಿ ಹಿಂದಿ ಪೂರ್ತಿ ಅರ್ಥ ಆಗ್ತಿದ್ದಿದ್ದು ಒಬ್ಬರಿಗೇ, ಮಿಲಿಟರಿಯಲ್ಲಿದ್ದ ತಾತನಿಗೆ. ಅವರು ಕೇಳಿ ಕೇಳಿ ನಮಗೆ ಕನ್ನಡದಲ್ಲಿ ಹೇಳ್ತಿದ್ರು, ಮಧ್ಯೆ ಮಧ್ಯೆ ಅವರ ಭಾಷೆ ಕೊಡವ ತಕ್ಕ್ ಸೇರ್ತಿತ್ತು. "ಶಾಹಿದ್ ಹತ್ರ ಇದೆ ಮೋನೆ, ಒಬ್ಬನ್ನ ದಾಟಿದ, ಇನ್ನೊಬ್ಬನ್ನ ದಾಟಿದ, ಜಫರ್‌ಗೆ ಕೊಟ್ಟ" ಅಂತ ಹೇಳ್ತಾ ಹೇಳ್ತಾ ಆಟ ಗೋಲಿನ ಹತ್ರ ಹೋದ ತಕ್ಷಣ ಅವರ ಮಾತು ನಿಂತು ಹೋಗೋದು. ರೇಡಿಯೋ ಒಳಗೆ ಜನ ಕೂಗ್ತಿರ್ತಾರೆ, ಕಾಮೆಂಟ್ರಿ ಹೇಳೋರ ದನಿ ಏರ್ತಿರುತ್ತೆ, ಗೊರಗೊರ ಸದ್ದು ಬೇರೆ, ಹೆಂಚಿನ ಮೇಲೆ ಮಳೆ ಬೇರೆ. ತಾತ ಮಾತ್ರ ಬಾಯಿ ಮುಚ್ಕೊಂಡು ಕೂತುಬಿಡ್ತಿದ್ರು. ನಾವೆಲ್ಲ ಅವರ ಮುಖ ನೋಡೋದು. ಗೋಲು ಆಯ್ತಾ ಇಲ್ವಾ, ನಮ್ಮದಾ ಅವರದ್ದಾ, ಎಲ್ಲ ಆ ಮುಖದಲ್ಲಿ ಕಂಡ್ಕೋಬೇಕು. ನಮ್ಮ ಗೋಲಾದ್ರೆ ಬಲಗೈ ತೊಡೆ ಮೇಲೆ ಒಂದೇ ಒಂದು ಸಲ ಬೀಳೋದು. ಅವರ ಗೋಲಾದ್ರೆ ಸುಮ್ಮನೆ ಒಲೆಗೆ ಒಂದು ಸೌದೆ ತಳ್ಳೋರು.

ಆವತ್ತು ಕೈ ಬೇಗ ಬೇಗ ಬಿತ್ತು. ಸುರಿಂದರ್ ಸಿಂಗ್ ಸೋಧಿ ಎರಡು ಗೋಲು, ಆಮೇಲೆ ಎಂ.ಕೆ. ಕೌಶಿಕ್ ಒಂದು, 3-0. ಅಪ್ಪ ಎದ್ದು ಕಾಲು ಚಾಚಿ "ಮುಗೀತು ಬಿಡಿ ಸುಬೇದಾರ್ರೇ" ಅಂದ್ರು. ತಾತ ಅವರ ಕಡೆ ತಿರುಗಿ ನೋಡ್ಲೂ ಇಲ್ಲ. ಆಮೇಲೆ ಒಲೆಗೆ ಒಂದು ಸೌದೆ ಹೋಯ್ತು. ಸ್ವಲ್ಪ ಹೊತ್ತಲ್ಲೇ ಇನ್ನೊಂದು. ಸ್ಪೇನಿನ ಹುವಾನ್ ಅಮಾಟ್ ಅನ್ನೋನು ಹೊಡೀತಿದ್ದ, 3-2. ಬೆಂಕಿ ಜೋರಾಗಿ ಅಜ್ಜಿ ಪಾತ್ರೆ ಇಳಿಸಿದ್ರು. ಶಾಹಿದ್ ಗೋಲು ಹಾಕಿದಾಗ ತಾತ ತೊಡೆಗೆ ಹೊಡ್ಕೊಂಡ ಸದ್ದು ಈಗ್ಲೂ ನನ್ನ ಕಿವೀಲಿದೆ, 4-2. ಶಾಹಿದ್‌ಗೆ ಆಗ ಬರೀ ಇಪ್ಪತ್ತು ವರ್ಷ. ಮತ್ತೆ ಅಮಾಟ್, ಮೂರನೇ ಸೌದೆ, 4-3. ಅಲ್ಲಿಂದ ಮುಂದೆ ಎಷ್ಟು ನಿಮಿಷ ಅಂತ ನಾನು ಹೇಳಲ್ಲ, ಒಂಬತ್ತು ವರ್ಷದವಳ ಲೆಕ್ಕದಲ್ಲಿ ಅದು ಒಂದು ಇಡೀ ರಾತ್ರಿ. ಯಾರೂ ಏನೂ ಹೇಳ್ತಿಲ್ಲ, ತಾತ ರೇಡಿಯೋಗೆ ಕಿವಿ ಹತ್ತಿಸಿಕೊಂಡು ಕೂತಿದಾರೆ, ಕಣ್ಣು ಮುಚ್ಚಿದೆ, ಎಡಗೈ ನನ್ನ ಹೆಗಲ ಮೇಲಿದೆ, ಹಿಡಿತ ಬಿಗಿ ಆಗ್ತಾ ಹೋಗ್ತಿದೆ, ನೋವಾಗ್ತಿದೆ, ನಾನು ಮಾತಾಡ್ಲಿಲ್ಲ. ಆ ಹಿಡಿತ ಸಡಿಲ ಆದಾಗ ಗೊತ್ತಾಯ್ತು, ಗೆದ್ವಿ.

ಕುಣಿಯೋದು ಕೂಗೋದು ಏನೂ ಮಾಡ್ಲಿಲ್ಲ ಅವರು. ರೇಡಿಯೋ ಆರಿಸಿದ್ರು, ಸೆಲ್ಲು ಉಳಿಸ್ಬೇಕಲ್ಲ. ಪಡಸಾಲೆಗೆ ಹೋಗಿ ಗೋಡೆ ಮೇಲಿದ್ದ ಸ್ಟಿಕ್ ತೆಗೆದು ತಂದು ನಮ್ಮ ಕೈಗೆ ಕೊಟ್ರು, ಒಬ್ಬೊಬ್ಬರಾಗಿ ಹಿಡ್ಕೊಂಡು ಪಕ್ಕದವರಿಗೆ ಕೊಟ್ವಿ. ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧಪೂಜೆ ಹಬ್ಬ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸ್ತಾರಲ್ಲ, ಆ ವರ್ಷ ಆ ಸ್ಟಿಕ್ಕಿಗೂ ಒಂದು ಹೂವು ಸಿಕ್ಕಿಸಿ ಕೋವಿ ಪಕ್ಕದಲ್ಲಿ ಪೂಜೆಗೆ ಇಟ್ಟಿದ್ರು.

ಬಾರದೇ ಹೋದವರ ಮಾತು

ಈಗ ಮಗನ ಪ್ರಶ್ನೆಗೆ ಬರ್ತೀನಿ. ಅವನು ಓದಿದ್ದು ಸುಳ್ಳಲ್ಲ. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿತ್ತು, ಅಮೆರಿಕ ಮುಂದೆ ನಿಂತು ಬಹಿಷ್ಕಾರ ಹೇಳ್ತು, ಹಾಕಿಯ ದೊಡ್ಡ ಹೆಸರುಗಳಾದ ಪಾಕಿಸ್ತಾನ, ಪಶ್ಚಿಮ ಜರ್ಮನಿ, ಹಾಲೆಂಡ್, ಆಸ್ಟ್ರೇಲಿಯಾ ಯಾರೂ ಬರ್ಲಿಲ್ಲ. ಗಂಡಸರ ಹಾಕಿಯಲ್ಲಿ ಉಳಿದಿದ್ದು ಆರೇ ತಂಡ. ಟಾಂಜಾನಿಯಾ ಮೇಲೆ 18-0, ಕ್ಯೂಬಾ ಮೇಲೆ 13-0, ಇಂಥ ಸ್ಕೋರ್ ನೋಡಿದ ಯಾರಿಗಾದ್ರೂ ಅದು ಸಮಾನರ ಆಟ ಅಲ್ಲ ಅಂತ ಅನ್ಸುತ್ತೆ, ಒಪ್ಕೋತೀನಿ.

ಆದ್ರೆ ಅದೇ ಟೂರ್ನಿಯಲ್ಲಿ ಪೋಲೆಂಡ್ ಜೊತೆ 2-2, ಸ್ಪೇನ್ ಜೊತೆ 2-2 ಡ್ರಾ ಮಾಡ್ಕೊಂಡು, ಸೋವಿಯತ್ ತಂಡವನ್ನ ಅವರದ್ದೇ ಊರಲ್ಲಿ 4-2ರಲ್ಲಿ ಸೋಲಿಸಿ ಫೈನಲ್‌ಗೆ ಬಂದಿದ್ದು. ನಾಲ್ಕು ವರ್ಷ ಹಿಂದೆ ಮಾಂಟ್ರಿಯಲ್‌ನಲ್ಲಿ ಮೊದಲ ಸಲ ಒಲಿಂಪಿಕ್ಸ್ ಹಾಕಿಯನ್ನ ಕೃತಕ ಹುಲ್ಲಿನ ಮೇಲೆ ಆಡಿಸಿದಾಗ ನಾವು ಏಳನೇ ಸ್ಥಾನಕ್ಕೆ ಬಿದ್ದಿದ್ವಿ. ನಮ್ಮ ಹುಡುಗರು ಬೆಳೆದಿದ್ದೆಲ್ಲ ಹುಲ್ಲು, ಮಣ್ಣು, ಮಳೆ ಬಂದ್ರೆ ಕೆಸರು. ಅಲ್ಲಿ ಚೆಂಡು ಮೆತ್ತಗೆ ಬರುತ್ತೆ, ನಿಲ್ಲಿಸಿ ಕೈಚಳಕ ತೋರಿಸೋಕೆ ಹೊತ್ತಿರುತ್ತೆ. ಟರ್ಫ್ ಮೇಲೆ ಚೆಂಡು ಹಾರಿಕೊಂಡು ಹೋಗುತ್ತೆ, ಕಾಲಲ್ಲಿ ಬಲ ಇರ್ಬೇಕು. ಮಾಸ್ಕೋದಲ್ಲೂ ಟರ್ಫೇ. ಹೊಸ ಹುಡುಗರನ್ನೇ ಕಟ್ಕೊಂಡು ಕ್ಯಾಪ್ಟನ್ ಭಾಸ್ಕರನ್ ಹೋಗಿದ್ರು. 3-0 ಇದ್ದಿದ್ದು 3-2 ಆದಾಗ ಎದುರಿಗಿದ್ದ ಸ್ಪೇನಿನವರಿಗೆ, ಜರ್ಮನಿಯವರು ಬಂದಿಲ್ಲ ಪಾಪ ಸ್ವಲ್ಪ ಮೆಲ್ಲಗೆ ಹೊಡೆಯೋಣ ಅಂತ ಯಾರಾದ್ರೂ ಹೇಳಿದ್ರಾ? ಬಂದವರ ಜೊತೆ ತಾನೇ ಆಡೋಕಾಗೋದು. ಬಾರದೇ ಇದ್ದವರನ್ನ ಸೋಲಿಸೋ ದಾರಿ ಯಾರಿಗೂ ಇಲ್ಲ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. 1948ರ ಲಂಡನ್ ಚಿನ್ನದ ನೆನಪಲ್ಲಿ 2018ರಲ್ಲಿ ಗೋಲ್ಡ್ ಅಂತ ಒಂದು ಸಿನಿಮಾ ಬಂತು. ನಿಜವಾದ ಫೈನಲ್‌ನಲ್ಲಿ ನಾವು ಬ್ರಿಟನ್‌ನ 4-0ರಲ್ಲಿ ಸೋಲಿಸಿದ್ದು, ಬಲ್ಬೀರ್ ಸಿಂಗ್ ಒಬ್ಬರೇ ಎರಡು ಗೋಲು, ಏಕಪಕ್ಷೀಯ ಆಟ. ಸಿನಿಮಾದಲ್ಲಿ ಕೊನೇ ಗಳಿಗೆವರೆಗೂ ಎಳೆದಾಡಿಸಿದ್ರು, ಇಲ್ಲದಿದ್ರೆ ಜನ ಕೂರಲ್ಲ ಅಂತಿರಬೇಕು. 1980ಕ್ಕೆ ಅದರ ಅವಶ್ಯಕತೆಯೇ ಇಲ್ಲ, ಹಾಗ್ಹಾಗೇ ತೆಗೆದ್ರೂ ಉಸಿರು ಬಿಗಿ ಹಿಡ್ಕೊಂಡು ನೋಡ್ತಾರೆ. ಆದ್ರೂ ಅದರ ಮೇಲೆ ಅಂಥ ದೊಡ್ಡ ಸಿನಿಮಾ ಯಾರೂ ಮಾಡ್ಲಿಲ್ಲ. ಎದುರಿಗೆ ಬ್ರಿಟಿಷರೂ ಇಲ್ಲ, ಪಾಕಿಸ್ತಾನವೂ ಇಲ್ಲ, ಯಾರನ್ನ ಸೋಲಿಸಿದ್ವಿ ಅಂತ ಹೆಮ್ಮೆಪಡೋದು ಅಂತ ಅನ್ಸಿರಬಹುದು. ನನಗಂತೂ ಇದು ತುಂಬಾ ನೋವಿನ ವಿಷಯ.

ಕಣ್ಣಿಗೆ ಬಿದ್ದ ಮೊದಲ ಹಾಕಿ

1982ರಲ್ಲಿ ಅಪ್ಪನಿಗೆ ಬೆಂಗಳೂರಿಗೆ ವರ್ಗ ಆಯ್ತು. ಬೆಂಗಳೂರಿಗೆ ಟಿವಿ ಬಂದು ಒಂದೇ ವರ್ಷ ಆಗಿತ್ತು, ನಮ್ಮ ರಸ್ತೇಲಿ ಎರಡೇ ಮನೆಯಲ್ಲಿ ಸೆಟ್ಟು. ದೆಹಲಿ ಏಷ್ಯನ್ ಗೇಮ್ಸ್ ಬಂತು, ಅದಕ್ಕಾಗೇ ಕಲರ್ ಪ್ರಸಾರ ಶುರು ಮಾಡಿದ್ದು. ಡಿಸೆಂಬರ್ 1, ಗಂಡಸರ ಹಾಕಿ ಫೈನಲ್, ಎದುರಿಗೆ ಪಾಕಿಸ್ತಾನ. ಪಕ್ಕದ ಮನೆ ಆಂಟಿ ಹಾಲ್‌ನಲ್ಲಿ ಚಾಪೆ ಹಾಸಿದ್ರು, ಇಪ್ಪತ್ತು ಇಪ್ಪತ್ತೈದು ಜನ ಇದ್ವಿ. ನಾನು ಎಲ್ಲರಿಗಿಂತ ಮುಂದೆ. ನನ್ನ ಎದೆ ಹೊಡ್ಕೋತಾ ಇತ್ತು, ಯಾಕಂದ್ರೆ ಎರಡು ವರ್ಷದಿಂದ ಬರೀ ಹೆಸರಾಗಿದ್ದವರನ್ನ ಅವತ್ತು ನೋಡ್ತೀನಿ. ಜಫರ್ ಇಕ್ಬಾಲ್ ಹೇಗಿದಾರೆ, ಶಾಹಿದ್ ಹೇಗೆ ದಾಟ್ತಾನೆ, ತಾತ ಬಾಯಲ್ಲಿ ಹೇಳಿದ್ದನ್ನ ನಾನು ಕಣ್ಣಲ್ಲಿ ನೋಡ್ತೀನಿ ಅಂತ.

ಮೊದಲ ಗೋಲು ನಮ್ಮದೇ. ಆಮೇಲೆ ಆಗಿದ್ದು ಎಲ್ಲರಿಗೂ ಗೊತ್ತು, 7-1. ಪಾಕಿಸ್ತಾನದವರ ಒಂದೊಂದು ಗೋಲಿಗೂ ಚಾಪೆ ಮೇಲಿನ ಒಬ್ಬೊಬ್ಬರು ಎದ್ದು ಹೋಗ್ತಿದ್ರು. ಆರನೇದೋ ಏಳನೇದೋ ಬಿದ್ದಾಗ ಮನೆಯವರು ಎದ್ದು ಟಿವಿ ಆರಿಸಿಬಿಟ್ರು. ಗೋಲ್‌ಕೀಪರ್ ದುಡ್ಡು ತಿಂದಿದಾನೆ ಅಂತ ಬಾಗಿಲ ಹತ್ರ ನಿಂತಿದ್ದವರೊಬ್ಬರು ಅಂದ್ರು. ಮ್ಯಾಚು ಮುಗಿಯೋಕೆ ಮುಂಚೇನೇ ಆ ಮಾತು ಹುಟ್ಟಿತ್ತು. ಮೀರ್ ರಂಜನ್ ನೇಗಿ ಅನ್ನೋ ಆ ಮನುಷ್ಯ ಆ ಸುಳ್ಳು ಅಪವಾದವನ್ನ ಎಷ್ಟು ವರ್ಷ ಹೊತ್ತಿದ್ರು ಅನ್ನೋದು ನಮಗೆಲ್ಲ ಸರಿಯಾಗಿ ತಿಳಿದಿದ್ದು ಚಕ್ ದೇ ಬಂದು, ಅದರ ಕೋಚ್ ಕತೆಗೂ ಇವರ ಕತೆಗೂ ಹೋಲಿಕೆ ಇದೆ ಅಂತ ಸುದ್ದಿಯಾದಾಗಲೇ. 2002ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನಮ್ಮ ಹುಡುಗಿಯರು ಕಾಮನ್‌ವೆಲ್ತ್ ಚಿನ್ನ ಗೆದ್ದಾಗ ಅವರ ಗೋಲ್‌ಕೀಪಿಂಗ್ ನೋಡ್ಕೋತಿದ್ದಿದ್ದು ಇದೇ ನೇಗಿ.

ನನಗೆ ಅನ್ನಿಸೋದು ಇದು. ಗೆದ್ದಿದ್ದನ್ನ ದೇಶ ಕೇಳ್ತು, ಸೋತಿದ್ದನ್ನ ದೇಶ ನೋಡ್ತು. ಎರಡೇ ಎರಡು ವರ್ಷದ ಅಂತರ. ಕೇಳಿದ್ದು ಕೇಳಿದವರ ಜೊತೆಗೇ ಹೋಗುತ್ತೆ. ಕಣ್ಣಿಗೆ ಬಿದ್ದಿದ್ದು ಹೋಗಲ್ಲ, ಪದೇ ಪದೇ ತೋರಿಸ್ತಾರೆ, ಆ ಏಳು ಗೋಲು ನಾನು ಈಗ್ಲೂ ಕಣ್ಣು ಮುಚ್ಚಿದ್ರೆ ಕಾಣ್ತೀನಿ, ಮಾಸ್ಕೋದ ನಾಲ್ಕರಲ್ಲಿ ಒಂದೂ ಕಾಣಲ್ಲ. ಮರು ವರ್ಷ ಜೂನ್‌ನಲ್ಲಿ ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ಕಪ್ ಎತ್ತಿದ್ದನ್ನೂ ಜನ ಕಣ್ಣಲ್ಲಿ ನೋಡಿದ್ರು. ನಮ್ಮ ರಸ್ತೇಲಿ ಅದುವರೆಗೂ ಹಾಕಿ ಸ್ಟಿಕ್ ಹಿಡಿದು ಓಡಾಡ್ತಿದ್ದ ಹುಡುಗರ ಕೈಗೆ ಬ್ಯಾಟ್ ಬಂದಿದ್ದು ಆ ಬೇಸಿಗೆ ಆದ್ಮೇಲೆ. ಕ್ರಿಕೆಟ್ ಮೇಲೆ ನನಗೆ ದೂರೇನಿಲ್ಲ, ಕಪಿಲ್ ಆಟ ನೋಡಿ ನಾನೂ ಕುಣಿದಿದೀನಿ. ಮಾಸ್ಕೋದ ಫೈನಲ್ ಎರಡು ವರ್ಷ ತಡವಾಗಿ ನಡೆದು, ಆ ಚಾಪೆ ಮೇಲೆ ಕೂತು ನಾವದನ್ನ ನೋಡಿದ್ದಿದ್ರೆ ಏನಾಗ್ತಿತ್ತು ಅಂತ ಮಾತ್ರ ಎಷ್ಟೋ ಸಲ ಯೋಚನೆ ಮಾಡಿದೀನಿ.

ಅದೇ ಮಾಸ್ಕೋ, ಅದೇ ಜುಲೈ

ಇಷ್ಟು ಬರೆದ ಮೇಲೆ ಇದನ್ನ ಬಿಟ್ರೆ ತಪ್ಪಾಗುತ್ತೆ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಹಾಕಿ ಶುರುವಾಗಿದ್ದೇ 1980ರಲ್ಲಿ, ಮಾಸ್ಕೋದಲ್ಲಿ. ನಮ್ಮ ಹುಡುಗಿಯರೂ ಅಲ್ಲಿದ್ರು. ರೂಪಾ ಸೈನಿ ಕ್ಯಾಪ್ಟನ್. ಆಸ್ಟ್ರಿಯಾವನ್ನ, ಪೋಲೆಂಡನ್ನ ಸೋಲಿಸಿದ್ರು, ಕೊನೆಗೆ ಚಿನ್ನ ಗೆದ್ದ ಜಿಂಬಾಬ್ವೆ ಜೊತೆ 1-1 ಡ್ರಾ ಮಾಡ್ಕೊಂಡ್ರು, ನಾಲ್ಕನೇ ಸ್ಥಾನ ಬಂತು. ಇದು ನನಗೆ ಗೊತ್ತಾಗಿದ್ದು ಯಾವಾಗ ಗೊತ್ತಾ? 2021ರಲ್ಲಿ. ನಲವತ್ತೊಂದು ವರ್ಷ ಆದ್ಮೇಲೆ. ಟೋಕಿಯೋದಲ್ಲಿ ರಾಣಿ ರಾಂಪಾಲ್ ಹುಡುಗಿಯರು ಆಸ್ಟ್ರೇಲಿಯಾವನ್ನ 1-0ರಲ್ಲಿ ಸೋಲಿಸಿ ಸೆಮಿಫೈನಲ್‌ಗೆ ಬಂದ್ರಲ್ಲ, ಗುರ್ಜಿತ್ ಕೌರ್ ಪೆನಾಲ್ಟಿ ಕಾರ್ನರ್ ಗೋಲು, ಆಮೇಲೆ ಗೋಲ್‌ಕೀಪರ್ ಸವಿತಾ ಗೋಡೆ ಥರ ನಿಂತಿದ್ದು, ಆವತ್ತು ಎಲ್ಲರ ಬಾಯಲ್ಲೂ ಚಕ್ ದೇ ಹೆಸರೇ. ಕೊನೆಗೆ ಬ್ರಿಟನ್ ಎದುರು 4-3ರಲ್ಲಿ ಸೋತು ಕಂಚು ಕೈ ತಪ್ಪಿತು. ಮರುದಿನ ಪೇಪರ್‌ನಲ್ಲಿ ಒಂದು ಸಾಲಿತ್ತು, 1980ರ ನಂತರ ಭಾರತದ ಮಹಿಳೆಯರು ಮತ್ತೆ ನಾಲ್ಕನೇ ಸ್ಥಾನ ಪಡೆದಿದಾರೆ ಅಂತ. ನಾನು ಆ ಸಾಲನ್ನ ಮೂರು ಸಲ ಓದಿದೆ.

ನಾನು ಆ ಒಲೆ ಮುಂದೆ ಕೂತಿದ್ದಾಗ, ಕಾಫಿ ಕೊಂಬೆ ಹಿಡಿದು ಬ್ಯಾಕ್ ಆಡ್ತಿದ್ದ ಒಂಬತ್ತು ವರ್ಷದ ಹುಡುಗಿ, ಅದೇ ಮಾಸ್ಕೋದಲ್ಲಿ ಅದೇ ವಾರ ಭಾರತದ ಹೆಸರು ಬೆನ್ನ ಮೇಲೆ ಹೊತ್ತ ಹೆಣ್ಮಕ್ಕಳು ಆಡಿದ್ರು, ನನಗೆ ಒಬ್ಬರೂ ಹೇಳ್ಲಿಲ್ಲ. ನಮ್ಮ ಕಿವಿಗೆ ಬಿದ್ದ ಸುದ್ದಿಯೆಲ್ಲ ಗಂಡಸರದ್ದೇ. ಸುಬೇದಾರ್ ತಾತನಿಗೆ ಗೊತ್ತಿದ್ದಿದ್ರೆ ಖಂಡಿತ ಹೇಳ್ತಿದ್ರು, ಅವರು ನನ್ನನ್ನ ಹುಡುಗಿ ಅಂತ ಯಾವತ್ತೂ ಆಟದಿಂದ ಆಚೆ ಇಟ್ಟವರಲ್ಲ. ಅವರಿಗೂ ಗೊತ್ತಿರ್ಲಿಲ್ಲ. 1982ರಲ್ಲೂ ಇದೇ ಆಯ್ತು, 7-1 ಅಂತ ದೇಶ ಎಲ್ಲ ತಲೆ ತಗ್ಗಿಸಿತ್ತಲ್ಲ, ಅದೇ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಹೆಂಗಸರ ತಂಡ ಹಾಕಿಯಲ್ಲಿ ಚಿನ್ನ ಗೆದ್ದಿತ್ತು. ಅವರ ಮ್ಯಾಚಿಗೆ ಯಾರೂ ಚಾಪೆ ಹಾಸಿರ್ಲಿಲ್ಲ. ಚಕ್ ದೇ ನೋಡಿದಾಗೆಲ್ಲ ನನ್ನ ಗಂಟಲು ಕಟ್ಟೋದಕ್ಕೆ ಇದೂ ಒಂದು ಕಾರಣ ಅಂತ ಈಗ ಅರ್ಥ ಆಗ್ತಿದೆ, ಅದು ಕಲ್ಪನೆಯ ಕತೆ ಇರಬಹುದು, ಆದ್ರೆ ಅದರಲ್ಲಿ ಎಲ್ಲೆಲ್ಲಿಂದಲೋ ಬಂದ ಹುಡುಗಿಯರಿಗೆ ಮುಖ ಇದೆ, ಹೆಸರಿದೆ, ಊರಿದೆ.

ಕೊಡಗಿನಲ್ಲಿ ಈಗ ಕುಟುಂಬ ಕುಟುಂಬಗಳ ನಡುವೆ ಹಾಕಿ ನಮ್ಮೆ, ಅಂದ್ರೆ ಹಾಕಿ ಹಬ್ಬ, ನಡೆಯುತ್ತಲ್ಲ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ್ದು, ಅದಕ್ಕೆ ಎರಡು ಸಲ ಹೋಗಿದ್ದೆ. ಒಂದೇ ತಂಡದಲ್ಲಿ ಮಾವ, ಸೊಸೆ, ಮೊಮ್ಮಗ ಆಡ್ತಾರೆ. ಬೆಳ್ಳಿಕೂದಲಿನ ಒಬ್ಬರು ಹೆಂಗಸು ಮೊಣಕಾಲಿಗೆ ಪಟ್ಟಿ ಕಟ್ಕೊಂಡು ಬ್ಯಾಕ್ ಆಡ್ತಿದ್ರು. ಆ ಇಡೀ ಮ್ಯಾಚು ನಾನು ಅವರೊಬ್ಬರನ್ನೇ ನೋಡಿದೆ.

ಮೂರನೇ ಗೋಲು ಹಾಕಿದವರು

ಚಕ್ ದೇಗೂ ಮಾಸ್ಕೋಗೂ ನನ್ನ ತಲೇಲಿ ಮಾತ್ರ ಸಂಬಂಧ ಅಂತ ಅಂದ್ಕೊಂಡಿದ್ದೆ. ಹಾಗಲ್ಲ. ಆ ಸಿನಿಮಾ ಬರೆದ ಜೈದೀಪ್ ಸಾಹ್ನಿ ಹಾಕಿ ಕಲಿಯೋಕೆ ಹೋಗಿದ್ದು ಎಂ.ಕೆ. ಕೌಶಿಕ್ ಹತ್ರ. ಅದೇ ಕೌಶಿಕ್, ಮಾಸ್ಕೋ ಫೈನಲ್‌ನಲ್ಲಿ ನಮ್ಮ ಮೂರನೇ ಗೋಲು, ತಾತನ ಕೈ ತೊಡೆ ಮೇಲೆ ಮೂರನೇ ಸಲ ಬಿದ್ದಿದ್ದು ಯಾರಿಗೋ ಅವರು. ಕ್ಯಾಂಪ್ ಹೇಗೆ ನಡೆಯುತ್ತೆ, ಹುಡುಗಿಯರು ಎಲ್ಲಿಂದ ಬರ್ತಾರೆ, ಕೋಚ್ ಹೇಗೆ ಯೋಚನೆ ಮಾಡ್ತಾನೆ ಅಂತ ಹೇಳಿಕೊಟ್ಟು, ಆ ನಟಿಯರಿಗೆ ಆಟ ಕಲಿಸೋಕೆ ನೇಗಿ ಹತ್ರ ಹೋಗಿ ಅಂತ ಕಳಿಸಿದ್ದೂ ಅವರೇ. 1998ರಲ್ಲಿ ಧನರಾಜ್ ಪಿಳ್ಳೈ ತಂಡ ಬ್ಯಾಂಕಾಕ್‌ನಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಾಗ ಕೋಚ್ ಕೂಡ ಅವರೇ. ಅಂದ್ರೆ ಮಾಸ್ಕೋದಲ್ಲಿ ನಾನು ನೋಡದ ಆಟದ ಒಂದು ಎಳೆ, ನಾನು ಹತ್ತಾರು ಸಲ ನೋಡಿದ ಸಿನಿಮಾ ಒಳಗೆ ಮೊದಲಿಂದ್ಲೂ ಇತ್ತು. ಸಿನಿಮಾ ಬಂದು ನನ್ನ ನೆನಪಿನ ಜಾಗ ಕಿತ್ಕೊಂಡ್ತು ಅಂತ ಅವತ್ತು ರಾತ್ರಿ ಸಂಕಟ ಪಟ್ಟಿದ್ದೆ. ಇದು ಗೊತ್ತಾದ್ಮೇಲೆ ಆ ಸಂಕಟ ಸ್ವಲ್ಪ ಕರಗಿತು.

ಕೌಶಿಕ್ 2021ರ ಮೇ 8ರಂದು ಕೋವಿಡ್‌ನಲ್ಲಿ ತೀರಿಕೊಂಡ್ರು. ಅದೇ ದಿನ ಲಕ್ನೋದಲ್ಲಿ ರವೀಂದರ್ ಪಾಲ್ ಸಿಂಗ್ ಕೂಡ ತೀರಿಕೊಂಡ್ರು, ಅವರೂ ಮಾಸ್ಕೋ ತಂಡದವರೇ, ಅದೂ ಕೋವಿಡ್. ಒಂದೇ ದಿನ ಇಬ್ಬರು. ಆ ಮೇ ತಿಂಗಳು ನಮ್ಮೆಲ್ಲರ ಮನೆಯಲ್ಲೂ ಹೇಗಿತ್ತು ಅಂತ ಯಾರಿಗೂ ಹೇಳ್ಬೇಕಿಲ್ಲ, ಬೆಡ್ಡು, ಆಕ್ಸಿಜನ್ನು, ಫೋನ್ ಬಂದ್ರೆ ಎತ್ತೋಕೆ ಹೆದರಿಕೆ. ಆ ಗಲಾಟೇಲಿ ಈ ಎರಡು ಹೆಸರು ಯಾರ ಗಮನಕ್ಕೂ ಬರ್ಲಿಲ್ಲ, ನನಗೂ ಗೊತ್ತಾಗಿದ್ದು ತಡವಾಗಿ. ಮೂರೇ ತಿಂಗಳಲ್ಲಿ, ಆಗಸ್ಟ್ 5ಕ್ಕೆ ಟೋಕಿಯೋದಲ್ಲಿ ಜರ್ಮನಿಯನ್ನ 5-4ರಲ್ಲಿ ಸೋಲಿಸಿ ನಮ್ಮವರು ಕಂಚು ತಂದ್ರು, ಮಾಸ್ಕೋ ಆದ್ಮೇಲೆ ಬಂದ ಮೊದಲ ಒಲಿಂಪಿಕ್ಸ್ ಹಾಕಿ ಪದಕ. ನಲವತ್ತೊಂದು ವರ್ಷ ಕಾದಿದ್ದು, ಇನ್ನು ಮೂರು ತಿಂಗಳು ಅವರಿಬ್ಬರಿಗೆ ಸಿಕ್ಕಿದ್ದಿದ್ರೆ ಅಂತ ಹೊಟ್ಟೆ ಉರೀತು. ಶಾಹಿದ್ 2016ರಲ್ಲೇ ಹೋಗಿದ್ರು.

ಹದಿನಾರು ಹೆಸರು

ಫೈನಲ್ ಆಗಿ ಎರಡು ದಿನಕ್ಕೆ ಪೇಪರ್ ಬಂದಿತ್ತು, ಬಸ್ಸು ಮಳೇಲಿ ಎಲ್ಲೋ ನಿಂತು ಒದ್ದೆಯಾಗಿ ಬಂದಿತ್ತು. ತಂಡದ ಫೋಟೋದಲ್ಲಿ ಯಾರ ಮುಖವೂ ಸರಿಯಾಗಿ ಕಾಣ್ತಿರ್ಲಿಲ್ಲ, ಮಸಿ ಹರಡಿತ್ತು. ಕೆಳಗೆ ಹೆಸರು ಮಾತ್ರ ಓದೋ ಹಾಗಿತ್ತು. ಸುಬೇದಾರ್ ತಾತ ಅದನ್ನ ಒಲೆ ಹತ್ರ ಒಣಗಿಸಿ, ನಮ್ಮನ್ನೆಲ್ಲ ಕೂರಿಸಿ, ಮಗ್ಗಿ ಹೇಳಿಸೋ ಥರ ಹದಿನಾರು ಹೆಸರು ಬಾಯಿಪಾಠ ಮಾಡಿಸಿದ್ರು. ಗೋಲ್‌ಕೀಪರ್ ಇಬ್ಬರಿಂದ ಶುರು, ಕೊನೆಗೆ ನಮ್ಮೂರ ಹೆಸರು. ಮನೆಯಪಂಡ ಸೋಮಯ್ಯ ಅಂತ ಮನೆ ಹೆಸರು ಸೇರಿಸಿಯೇ ಹೇಳ್ಬೇಕು, ಇಲ್ಲದಿದ್ರೆ ಮತ್ತೆ ಮೊದಲಿಂದ. ಆ ಸೋಮಯ್ಯನವರೇ ಮುಂದೆ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಭಾರತದ ಕ್ಯಾಪ್ಟನ್ ಆದ್ರು. ಆವತ್ತಿಗೆ ತಾತ ಇರ್ಲಿಲ್ಲ.

ಇದನ್ನೆಲ್ಲ ಮಗನಿಗೆ ಹೇಳಿದೆ, ಒಂದೇ ಸಲಕ್ಕಲ್ಲ, ಮೂರ್ನಾಲ್ಕು ದಿನ ಊಟಕ್ಕೆ ಕೂತಾಗ. ಬಾಯ್ಕಾಟ್ ಮಾತು ಅವನು ಮತ್ತೆ ಎತ್ತಲಿಲ್ಲ. "ಆ ಹೆಸರೆಲ್ಲ ಇನ್ನೂ ನೆನಪಿದೆಯಾ" ಅಂತ ಕೇಳ್ದ. ಕರೆಂಟ್ ಬಿಲ್ ಹಿಂದೆ ಪೆನ್ ಹಿಡಿದು ಕೂತ, ನಾನು ಹೇಳ್ತಾ ಹೋದೆ. ಬೀರ್ ಬಹಾದುರ್ ಛೆಟ್ರಿ, ಅಲನ್ ಸ್ಕೋಫೀಲ್ಡ್, ಸಿಲ್ವಾನಸ್ ಡುಂಗ್ ಡುಂಗ್, ರಾಜಿಂದರ್ ಸಿಂಗ್, ದವಿಂದರ್ ಸಿಂಗ್, ಗುರ್ಮೈಲ್ ಸಿಂಗ್, ರವೀಂದರ್ ಪಾಲ್ ಸಿಂಗ್, ಭಾಸ್ಕರನ್, ಕೌಶಿಕ್, ಚರಣ್‌ಜಿತ್ ಕುಮಾರ್, ಮರ್ವಿನ್ ಫರ್ನಾಂಡಿಸ್, ಶಾಹಿದ್, ಜಫರ್ ಇಕ್ಬಾಲ್, ಸೋಧಿ, ಮನೆಯಪಂಡ ಸೋಮಯ್ಯ. ಅವನು ಎಣಿಸಿ, ಹದಿನೈದೇ ಇದೆ ಅಮ್ಮ ಅಂದ. ಮತ್ತೆ ಮೊದಲಿಂದ ಹೇಳಿದೆ, ಮತ್ತೆ ಹದಿನೈದು. ಫೋನಲ್ಲಿ ನೋಡ್ತೀನಿ ಅಂದ, ಬೇಡ ಇರು, ಬರುತ್ತೆ ಅಂದೆ.

ರಾತ್ರಿ ಹನ್ನೊಂದು ದಾಟಿತ್ತು, ಹಾಲು ಹೆಪ್ಪು ಹಾಕ್ತಿದ್ದೆ, ಹೊರಗೆ ಸಣ್ಣಗೆ ಮಳೆ ಹಿಡಿದಿತ್ತು. ಅಮರ್‌ಜಿತ್ ರಾಣಾ. ಕೈ ಒರೆಸ್ಕೊಂಡು ಹಾಲ್‌ಗೆ ಹೋಗಿ, ದೀಪ ಹಾಕಿ, ಫ್ರಿಜ್ ಮೇಲಿದ್ದ ಆ ಬಿಲ್ ಹುಡುಕಿ, ಮರ್ವಿನ್‌ಗೂ ಶಾಹಿದ್‌ಗೂ ಮಧ್ಯೆ ಇದ್ದ ಚೂರು ಜಾಗದಲ್ಲಿ ಬರೆದೆ.